ಮಿಷನ್ ನಿಂತ ಮೇಲೆ

ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಪೆಡಲಿನ ಮೇಲೆ ಕಾಲಿಟ್ಟಳೆಂದರೆ ಬಾಯಿಯೂ ಶುರು. ಕಾಲರ್ ಹೊಲಿಯುತ್ತಲೇ ಅತ್ತೆಯ ಗೊರಕೆ, ಗಂಡನ ಸೈಕಲ್ಲು, ಪಕ್ಕದ ಮನೆಯ ಕಳ್ಳ ಬೆಕ್ಕು, ಯಾವುದನ್ನೂ ಬಿಡುತ್ತಿರಲಿಲ್ಲ. ಮಿಷನ್‌ಗಳ ಗದ್ದಲವನ್ನು ಮೀರಿಸಿ ಅವಳು ಕೂಗಿ ಹೇಳುತ್ತಿದ್ದರೆ ಇಡೀ ಸಾಲು ನಗುತ್ತ ದಿನ ದೂಡುತ್ತಿತ್ತು.

ಅಂಥ ರೇಡಿಯೋ ಬೇಕಾದ ಹೊತ್ತಿಗೇ ನಿಂತುಹೋಯಿತು.

ಅವಳ ನಾದಿನಿಗೆ ಅಲ್ಲೇ ಇಸ್ತ್ರಿಯ ಕೆಲಸ. ಒಂದು ದಿನ ಊಟದ ಬಿಡುವಿನಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತಲೇ ಉಳಿದು ಅಂಗಿಗಳ ದೊಡ್ಡ ಕಟ್ಟೊಂದು ಸುಟ್ಟುಹೋಯಿತು. ನಾದಿನಿ ಸ್ವಿಚ್ ಆರಿಸದೆ ಹೋದಳೆಂದು ಸೂಪರ್‌ವೈಸರ್ ದೂರು ಕೊಟ್ಟ. ನಿಜ ಬೇರೆಯಿತ್ತು. ನಾದಿನಿ ಆರಿಸಿ ಹೋದ ಮೇಲೆ ಅವನೇ ಬಂದು ಮತ್ತೆ ಸ್ವಿಚ್ ಹಾಕಿ, ತನ್ನ ಅಂಗಿಗೆ ಇಸ್ತ್ರಿ ಮಾಡಿಕೊಂಡು, ಫೋನ್ ಬಂತೆಂದು ಪೆಟ್ಟಿಗೆಯನ್ನು ಹಾಗೇ ಬಿಟ್ಟು ಹೊರಗೆ ನಡೆದಿದ್ದ. ನಲ್ಲಿಯಲ್ಲಿ ಕೈತೊಳೆಯುತ್ತಿದ್ದ ರೇಡಿಯೋ ಅದನ್ನು ಕಂಡಿದ್ದಳು. ಈಗ ಬರುತ್ತಾನೆಂದುಕೊಂಡು ಊಟಕ್ಕೆ ಹೋಗಿದ್ದಳು. ಕಂಡವಳು ಅವಳೊಬ್ಬಳೇ.

ವಿಚಾರಣೆಗೆ ಹೆಡ್ ಆಫೀಸಿನಿಂದ ಮೇಡಂ ಬಂದರು. ಮಿಷನ್‌ಗಳನ್ನೆಲ್ಲ ನಿಲ್ಲಿಸಿ, ಹೆಂಗಸರನ್ನು ಅವರವರ ಸ್ಟೂಲಿನ ಮೇಲೇ ಕೂರಿಸಿದ್ದರು.

"ಯಾರಾದ್ರೂ ನೋಡಿದ್ದೀರಾ?"

ರೇಡಿಯೋ ಎದ್ದಳು. "ನಾನು..." ಎಂದಳು. ಆ ಒಂದು ಮಾತು ಗೋಡೆಗೆ ಬಡಿದು ಮರಳಿ ಅವಳ ಕಿವಿಗೇ ಬಂತು. ಯಾರ ಧ್ವನಿ ಇದು, ಇಷ್ಟು ಕೀರಲು, ಇಷ್ಟು ಬೆತ್ತಲೆ? ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಅವಳು ಹಾಗೇ ಕುಸಿದು ಕೂತಳು.

"ಮೌನಂ ಸಮ್ಮತಿ ಲಕ್ಷಣಂ ಮೇಡಂ," ಎಂದು ಸೂಪರ್‌ವೈಸರ್ ನಕ್ಕ. "ಸ್ವಂತ ಅತ್ತಿಗೆಗೇ ಹೇಳೋಕೆ ಏನಿಲ್ಲ ನೋಡಿ."

ಮುಂದಿನ ವಾರ ತೀರ್ಮಾನ ಎಂದರು ಮೇಡಂ.

ಮನೆಯಲ್ಲಿ ನಾದಿನಿ ತಟ್ಟೆ ತೊಳೆಯುತ್ತ, ತಿರುಗಿ ಕೂಡ ನೋಡದೆ ಹೇಳಿದಳು: "ನಿಂಗೆ ಬಾಯಿ ಬರ್ಲಿಲ್ಲ ಅಂತ ಅಲ್ಲ ಅತ್ತಿಗೆ. ಮನಸ್ಸು ಬರ್ಲಿಲ್ಲ."

ಆಮೇಲೆ ಅವಳು ಮಾತೇ ಆಡಲಿಲ್ಲ. ಒಂದೇ ಅಡುಗೆಮನೆ, ಒಂದೇ ದಾರಿ, ಒಂದೇ ಬಸ್ಸು. ಆದರೂ ಮಾತಿಲ್ಲ. ಬೆಂಕಿಗೆ ಕಾರಣಳಾದವಳೆಂಬ ಹೆಸರು ಹೊತ್ತರೆ ಬೇರೆ ಕಾರ್ಖಾನೆಯವರೂ ಸೇರಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಎದುರಿಗಿರೋರೆಲ್ಲ ಕುಂಬಳಕಾಯಿ ಅಂದ್ಕೋ," ಎಂದ ಗಂಡ.

"ಮನೇಲಿ ಇಲಿ, ಬೀದೀಲಿ ಹುಲಿ ಅಂತಾರೆ. ನಮ್ಮನೇದು ಉಲ್ಟಾ," ಎಂದು ಅತ್ತೆ ಗೊಣಗಿದರು. ಹಾಗೆಂದವರೇ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ತೀರ್ಮಾನದ ದಿನ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಮಾತುಗಳನ್ನು ಹೇಳಿ ನೋಡಿದಳು. ಎಲ್ಲೂ ತಡವರಿಸಲಿಲ್ಲ. ಖುಷಿಯಿಂದ ನಲ್ಲಿ ತಿರುಗಿಸಿದಳು. ನೀರು ನಿಂತಿತು, ಮಾತೂ ನಿಂತಿತು. ಬಕೆಟ್ಟಿನ ಅಂಚು ಹಿಡಿದುಕೊಂಡು ಬಹಳ ಹೊತ್ತು ಕೂತಳು. ಹೆದರಿಕೆ ಜನರದಲ್ಲ. ಇಷ್ಟು ವರ್ಷ ಆಡಿದ್ದೆಲ್ಲ ಗದ್ದಲದ ಸೆರಗಿನಡಿ ಆಡಿದ ಮಾತು. ತನ್ನ ಧ್ವನಿಯನ್ನು ತಾನು ಕೇಳಿಯೇ ಇರಲಿಲ್ಲ. ಗೊತ್ತಾಗಿ ಏನು ಬಂತು? ವಿಚಾರಣೆಗೆ ನಲ್ಲಿ ಹೊತ್ತುಕೊಂಡು ಹೋಗಲಾಗುತ್ತದೆಯೇ?

ಮಧ್ಯಾಹ್ನ ಮತ್ತೆ ಅದೇ ಮೌನ. "ಕೊನೇ ಸಲ ಕೇಳ್ತಿದೀನಿ," ಎಂದರು ಮೇಡಂ.

ಅವಳು ಎದ್ದಳು. ಬಾಯಿ ತೆರೆದಳು. ಇಲ್ಲ. ಗೋಡೆಯ ಬಳಿ ನಿಂತಿದ್ದ ನಾದಿನಿ ನೆಲ ನೋಡುತ್ತಿದ್ದಳು. ಸೂಪರ್‌ವೈಸರ್ ಆಗಲೇ ಮುಗುಳ್ನಗಲು ಶುರುಮಾಡಿದ್ದ. ದಿಕ್ಕೆಟ್ಟವಳು ಮಿಷನ್ನಿಗೆ ಕೂತು, ಕೈಗೆ ಸಿಕ್ಕ ಚಿಂದಿಯನ್ನು ಸೂಜಿಯಡಿ ಇಟ್ಟು ಪೆಡಲ್ ಒತ್ತಿದಳು.

"ಹೊಲೀತಾ ಹೇಳ್ತೀನಿ ಮೇಡಂ! ನಂಗೆ ಹಂಗೇ ಬರೋದು!"

ಯಾರೋ ಕಿಸಕ್ಕೆಂದರು. ಪಕ್ಕದಲ್ಲಿ ಗುಂಡಿಯ ಕಾಜಾ ಹೊಲಿಯುವವಳು ಮಾತ್ರ ನಗಲಿಲ್ಲ. "ರೇಡಿಯೋಗೆ ಕರೆಂಟ್ ಕೊಡ್ರೇ!" ಎಂದು ತನ್ನ ಮಿಷನ್ನನ್ನೂ ಓಡಿಸಿದಳು. ಅವಳ ಹಿಂದೆಯೇ ಇಡೀ ಸಾಲು ಗುಡುಗಿತು.

ಆಗ ಬಂತು ಮಾತು. "ನಮ್ಮ ಹುಡುಗಿ ಸ್ವಿಚ್ ಆರ್ಸೇ ಹೋಗಿದ್ಲು! ಆಮೇಲೆ ಬಂದು ಹಾಕಿದ್ದು, ತಮ್ಮ ಅಂಗಿಗೆ ಇಸ್ತ್ರಿ..."

ಪಟ್ಟನೆ ಎಲ್ಲ ನಿಂತಿತು. "ತಮಾಷೆ ಸಾಕು!" ಸೂಪರ್‌ವೈಸರನ ಕೈ ಮೇನ್ ಸ್ವಿಚ್ಚಿನ ಮೇಲಿತ್ತು.

ಅವಳು ಪೆಡಲ್ ಒತ್ತಿದಳು. ಮತ್ತೆ ಒತ್ತಿದಳು. ಸೂಜಿ ಅಲುಗಲಿಲ್ಲ.

"ಯಾರು ಹಾಕಿದ್ದು?" ಮೇಡಂ ಹತ್ತಿರ ಬಂದರು. "ಹೆಸರು ಹಿಡಿದು ಹೇಳಬೇಕಮ್ಮ. ಅರ್ಧ ಮಾತು ನಂಗೆ ನಡೆಯಲ್ಲ."

ಎದ್ದರೆ ಬೀಳುತ್ತೇನೆಂದು ಅವಳು ಕೂತೇ ಇದ್ದಳು. ಆ ಕೀರಲು ಧ್ವನಿ ಮತ್ತೆ ಬಂತು. ಬರಲಿ ಎಂದು ಬಿಟ್ಟಳು.

"ಇವ್ರೇ. ಸೂಪರ್‌ವೈಸರ್ರು. ನಾನು... ನಾನು ಕಣ್ಣಾರೆ ಕಂಡೆ."

"ಸುಳ್ಳು!" ಎಂದ ಅವನು.

ಮೇಡಂ ಅವನ ಕೈಯನ್ನೂ ಅದು ಹಿಡಿದಿದ್ದ ಸ್ವಿಚ್ಚನ್ನೂ ನೋಡಿದರು. "ಹುಡುಗಿ ಕೆಲಸದಲ್ಲಿ ಇರ್ಲಿ. ನೀವು ನನ್ ಜೊತೆ ಬನ್ನಿ."

ಬಾಗಿಲು ದಾಟುವ ಮೊದಲು ಸೂಪರ್‌ವೈಸರ್ ತಿರುಗಿ ರೇಡಿಯೋವನ್ನು ಒಮ್ಮೆ ನೋಡಿದ. ಅವನು ನಾಳೆ ಮರಳಿ ಬಂದರೆ ತನ್ನ ಗತಿಯೇನೆಂದು ಅವಳಿಗೆ ಅರ್ಥವಾಯಿತು.

ನಾದಿನಿ ತಂದ ನೀರಿನ ಲೋಟ ಹಿಡಿಯಲಾಗದೆ ಅರ್ಧ ಮಡಿಲಿಗೇ ಚೆಲ್ಲಿತು. ನಾದಿನಿ ಲೋಟವನ್ನು ತಾನೇ ಹಿಡಿದು ಅವಳ ಬಾಯಿಗೆ ಇಟ್ಟಳು.

"ಕುಡಿ ಅತ್ತಿಗೆ," ಎಂದಳು. "ಮಾತಾಡ್ಬೇಡ ಈಗ."