ದೀಪ ಹಚ್ಚಿದ ಮೇಲಿನ ಮೆಂತೆಗಂಜಿ

ಹಾಲು ಬರಲಿ ಎಂದು ನನಗೆ ತಿನ್ನಿಸಿದ ಮೆಂತೆಯನ್ನೆಲ್ಲ ಒಟ್ಟು ಮಾಡಿದ್ದರೆ ಅಕ್ಕಿಗೆ ಕಟ್ಟುವಂಥ ಒಂದು ಹುಲ್ಲಿನ ಮುಡಿ ಕಟ್ಟಬಹುದಿತ್ತು. ಐವತ್ತರ ದಶಕದ ಕೊನೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು, ಆದರೆ ಮೂಡುಬಿದಿರೆಯ ನನ್ನ ತವರಿನಲ್ಲಿ ಅಮ್ಮ ಇರಲಿಲ್ಲ. ಹಾಗಾಗಿ ಸಿದ್ಧಕಟ್ಟೆಯ ಹತ್ತಿರದ ಗಂಡನ ಮನೆಯಲ್ಲೇ ಹೆರಿಗೆ. ಎಣ್ಣೆ, ಬಿಸಿನೀರು, ಮದ್ದು, ಪಥ್ಯ ಎಲ್ಲ ಅತ್ತೆಯ ತಲೆಗೆ ಬಿತ್ತು.

ಮಗಳು ಹುಟ್ಟುವಾಗಲೇ ಸಣ್ಣ. ಹತ್ತು ದಿನ ಕಳೆದರೂ ನನ್ನ ಹಾಲು ಅವಳಿಗೆ ಸಾಲಲಿಲ್ಲ. ಎರಡು ಗುಟುಕು ಕುಡಿದು, ಮತ್ತೆ ಬಾಯಿಂದ ತಡಕಿ, ಅತ್ತು ಸುಸ್ತಾಗಿ ಮಲಗುತ್ತಿದ್ದಳು. ಕಾಲುಗಳು ದಿನದಿಂದ ದಿನಕ್ಕೆ ಸಪೂರವಾಗುತ್ತಿದ್ದವು. ನನಗೆ ಹೆದರಿಕೆ ಹುಟ್ಟಿತು.

ಸೂಲಗಿತ್ತಿ ಬಂದವಳು ಮೊದಲು ಬೆಳ್ಳುಳ್ಳಿ ಎಂದಳು. ನಮ್ಮದು ಜೈನರ ಮನೆ, ಬೆಳ್ಳುಳ್ಳಿ ಹೊಸಿಲು ದಾಟುವಂತಿಲ್ಲ. ಹಾಗಾದರೆ ಶತಾವರಿ ಬೇರು ಅರೆದು ಹಾಲಿನಲ್ಲಿ ಕೊಡಿ ಎಂದಳು. ನೆಲದಡಿಯ ಬೇರು, ಗೆಡ್ಡೆಯೂ ನಮಗಾಗದು ಎಂದು ಅತ್ತೆ ಮೆಲ್ಲನೆ ಹೇಳಿದರು. ನಿಮ್ಮ ದೇವರು ಬಾಣಂತಿಯರನ್ನು ಸ್ವಲ್ಪ ಮರೆತ ಹಾಗೆ ಕಾಣುತ್ತದೆ ಎಂದು ಅವಳು ನಕ್ಕಳು. ಕೊನೆಗೆ ಉಳಿದದ್ದು ಮೆಂತೆ, ಎಳ್ಳು, ನುಗ್ಗೆಸೊಪ್ಪು, ತೆಂಗಿನಹಾಲು. ಅತ್ತೆ ಅವನ್ನೇ ಬೇಯಿಸಿದರು, ಅರೆದರು, ಉಂಡೆ ಕಟ್ಟಿದರು, ಎದುರಿಗೆ ಕೂತು ತಿನ್ನಿಸಿದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಹಿರಿಯರು ಉಣ್ಣುವುದಿಲ್ಲ, ಬಾಣಂತಿಗೆ ಮಾತ್ರ ರಿಯಾಯಿತಿ. ನಾನೋ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಬಸುರಿಯಾಗಿದ್ದಾಗ ಬಸದಿಯಲ್ಲಿ ನಿಂತು ಹೇಳಿಕೊಂಡಿದ್ದೆ: ಹೆರಿಗೆ ಸುಸೂತ್ರ ಆಗಲಿ, ಒಂದು ವರ್ಷ ಕತ್ತಲಾದ ಮೇಲೆ ನೀರೂ ಮುಟ್ಟುವುದಿಲ್ಲ. ಅದರಲ್ಲಿ ಭಕ್ತಿ ಎಷ್ಟಿತ್ತೋ, ವರ್ಷ ತುಂಬಿದ ದಿನ ಹೇಳಿ ಅತ್ತೆಯಿಂದ ಭೇಷ್ ಎನಿಸಿಕೊಳ್ಳುವ ಆಸೆಯೂ ಅಷ್ಟೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಅವರು ಇಟ್ಟು ಹೋಗುತ್ತಿದ್ದ ಮೆಂತೆಗಂಜಿಯನ್ನೂ ಜೀರಿಗೆ ನೀರನ್ನೂ ದಿನವೂ ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದೆ.

ಬೇಸಿಗೆಗೆ ಅಂಗಳವೆಲ್ಲ ಒಣಗಿತ್ತು. ನನ್ನ ಕಿಟಕಿಯ ಕೆಳಗೆ ಮಾತ್ರ ನಾಲ್ಕು ಹರಿವೆ ಗಿಡಗಳು ಸೊಂಪಾಗಿ ಎದ್ದಿದ್ದವು, ಗಂಜಿಯ ಅಗುಳು ಹೆಕ್ಕಲು ಕಾಗೆಗಳು ಬರುತ್ತಿದ್ದವು. ಒಂದು ಬೆಳಿಗ್ಗೆ ಅತ್ತೆ ಅಲ್ಲಿ ನಿಂತು ನೋಡುವುದು ಕಂಡಿತು.

ಸಂಜೆ ದೀಪ ಹಚ್ಚಿ ಗಂಜಿಯ ಬಟ್ಟಲು ಹಿಡಿದು ಬಂದವರು ಹೋಗದೆ ಅಲ್ಲೇ ಕೂತರು. ನಾನು ಎಲ್ಲ ಹೇಳಬೇಕಾಯಿತು. ಮಡಿಲಲ್ಲಿ ಮಗು ಕೊರಗುತ್ತಿತ್ತು.

"ವ್ರತ ನಿನ್ನದು ಮಗಾ, ಹಸಿವು ಇದರದ್ದು. ಇದು ಯಾವ ಬಸದಿಗೆ ಹೋಗಿ ಹೇಳಿಕೊಂಡದ್ದುಂಟು?"

ವ್ರತ ಮುರಿದರೆ ಮಗುವಿಗೇ ಏನಾದರೂ ಆದೀತು ಎಂದು ನಾನು ಕಣ್ಣೀರು ಹಾಕಿದೆ. ಅವರು ಬಟ್ಟಲು ಎತ್ತಿ ಒಂದು ಗುಟುಕು ತಾವೇ ಕುಡಿದರು. ಮೂವತ್ತು ವರ್ಷ ಕತ್ತಲಾದ ಮೇಲೆ ತುಟಿ ಒದ್ದೆ ಮಾಡದಿದ್ದವರು.

"ಈಗ ಮುರಿದದ್ದು ನಾನು. ಬರುವ ಪಾಪ ನನಗೇ ಬರಲಿ. ನೀನು ಕುಡಿ."

ಕುಡಿದೆ. ಮರುದಿನವೂ, ಅದರ ಮರುದಿನವೂ ಕುಡಿದೆ. ವಾರದೊಳಗೆ ಮಗಳು ಹೊಟ್ಟೆ ತುಂಬಿ ಮಲಗತೊಡಗಿದಳು. ಹಾಲು ತಂದದ್ದು ಮೆಂತೆಯೋ ನುಗ್ಗೆಯೋ ಅಥವಾ ಬರಿಯ ನೀರೋ, ನಾನು ಹೇಳಲಾರೆ. ಆ ಸಂಜೆಯ ನಂತರ ಅತ್ತೆ ಮೂರು ದಿನ ಊಟ ಮಾಡಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದರು. ನಾನು ನಂಬಿದೆ, ವಯಸ್ಸಾದ ಮೇಲೆ ನೋಡಿ ತಿನ್ನಬೇಕು ಎಂದು ಬುದ್ಧಿಯನ್ನೂ ಹೇಳಿದೆ.

ಅರವತ್ತರ ದಶಕದಲ್ಲಿ ಎರಡನೆಯ ಹೆರಿಗೆಯಾದಾಗ ಅದೇ ಸೂಲಗಿತ್ತಿ ಎಣ್ಣೆ ತಿಕ್ಕುತ್ತ ಬಾಯಿಬಿಟ್ಟಳು. ಆ ಮೂರು ದಿನ ಅತ್ತೆ ಪ್ರಾಯಶ್ಚಿತ್ತಕ್ಕೆ ಉಪವಾಸ ಕೂತಿದ್ದರಂತೆ, ಬಾಣಂತಿಗೆ ಹೇಳಬಾರದು ಎಂದು ಇವಳಿಂದ ಮಾತು ತೆಗೆದುಕೊಂಡಿದ್ದರಂತೆ. ಮಿಂದವಳೇ ಹೋಗಿ ಒಲೆಯ ಮುಂದೆ ಇದ್ದ ಅತ್ತೆಯ ಕಾಲು ಹಿಡಿದೆ.

"ಕಾಲು ಬಿಡು, ಗಂಜಿ ಉಕ್ಕುತ್ತದೆ" ಎಂದರು.

ಅಂದು ದೀಪ ಹಚ್ಚಿದ ಮೇಲೆ ಆ ಗಂಜಿಯನ್ನು, ಯಾರೂ ಹೇಳದೆ, ತಳದ ಕಹಿ ಮೆಂತೆಯವರೆಗೂ ಕುಡಿದೆ.