ಭೀಮನ ಭಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಜೋಳ ತುಂಬಬೇಕಿದ್ದ ಚೀಲಕ್ಕೆ ಹೊಟ್ಟು ತುಂಬಿದವನು ನಾನೇ.

ಹಿರೇಹಡಗಲಿಯ ನಮ್ಮ ಬಯಲಾಟದ ಮಾಸ್ತರರ ಮೀನಖಂಡಗಳು ಒನಕೆಯಷ್ಟು ಗಟ್ಟಿ. ಎದೆ ಮಾತ್ರ ತೂತು ಬಿದ್ದ ತಿದಿ. ನಾಲ್ಕು ಹೆಜ್ಜೆ ಹಾಕಿದರೆ ಒಳಗೆ ಸುಂಯ್ ಎನ್ನುತ್ತಿತ್ತು. ಅದನ್ನೂ ನಾನು ಅಣಕಿಸಿ ಮಂದಿಯನ್ನು ನಗಿಸುತ್ತಿದ್ದೆ. ಒಮ್ಮೆ ಹಿಂದೆಯೇ ನಿಂತು ನೋಡಿದವರು ಬೈಯಲಿಲ್ಲ. "ಲೇ, ನೀ ಗಂಟಲಾಗ ಮಾಡಾಕ ಹತ್ತಿ. ನಂದು ಪಕ್ಕಡಿಯಿಂದ ಬರತೈತಿ, ನೋಡು" ಎಂದು ನನ್ನ ಕೈಯನ್ನು ತಮ್ಮ ಪಕ್ಕೆಯ ಮೇಲಿಟ್ಟುಕೊಂಡರು.

ಎಪ್ಪತ್ತರ ದಶಕದ ಕೊನೆ. ಈಚಲ ಕಡ್ಡಿಗೆ ಪಂಜೆ ಸುತ್ತಿದಂತಿದ್ದ ನನಗೆ ಭೀಮನ ಪಾರ್ಟು! ಮಾತು ಕಲಿಸುವ ಮೊದಲು ಎರಡು ತಿಂಗಳು ಬರೀ ಮೈ ಕಲಿಸಿದರು. ಬೆಳಿಗ್ಗೆ ಕಣದಲ್ಲಿ ಜೋಳದ ಚೀಲ ಹೊತ್ತು ಕುಣಿಯಬೇಕು. "ಕಿರೀಟ, ಭುಜಕೀರ್ತಿ ಕಟ್ಟಿದ ಮ್ಯಾಲೆ ಅವು ನಿನ್ನ ಕುಣಸ್ತಾವ. ಮೊದ್ಲ ಭಾರ ಕಲಿ" ಎನ್ನುತ್ತಿದ್ದರು. ನಾನು ಮೇಲೆ ನಾಲ್ಕು ಬೊಗಸೆ ಜೋಳ, ಕೆಳಗೆಲ್ಲ ಹೊಟ್ಟು ತುಂಬಿಕೊಂಡು ಹುಲಿಯಂತೆ ಜಿಗಿದೆ. ಯಾರ ಚೀಲವನ್ನೂ ಅವರು ಎತ್ತಿ ನೋಡಿದವರಲ್ಲ. "ಭಲೇ ಮಗನ!" ಎಂದರು, ಪಾಪ.

ತಾಲೀಮಿನಲ್ಲಿ ಮೊದಲ ಸಲ ವೇಷ ಕಟ್ಟಿದ ದಿನ ಮೂರನೇ ಸುತ್ತಿಗೇ ನನ್ನ ಮೊಣಕಾಲುಗಳು ಮಡಚಿಕೊಂಡವು. ಕಿರೀಟ ಮುಂದೆ, ನಾನು ಹಿಂದೆ, ಇಬ್ಬರೂ ನೆಲಕ್ಕೆ. ಇದೂ ನನ್ನ ಅಣಕವೇ ಎಂದುಕೊಂಡು ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ.

"ಬಿಚ್ಚು. ತೋರಸ್ತೀನಿ."

"ಬ್ಯಾಡ್ರೀ ಮಾಸ್ತರ, ನಿಮ್ಮ ಎದಿ ಸರಿಯಿಲ್ಲ" ಎಂದ ಮದ್ದಳೆಯವನು.

"ನಿನ್ನ ಕೈ ಸರಿ ಅದಾವಲ್ಲ? ಬಾರಿಸು."

ನನ್ನ ಗೆಜ್ಜೆ, ನನ್ನ ವೇಷ ಕಟ್ಟಿಕೊಂಡು ಹನ್ನೆರಡು ಸುತ್ತು ಕುಣಿದರು. ಎಂಥ ಹೆಜ್ಜೆ! ಭೀಮನ ಒಂದು ಮಾತೂ ನಡುವೆ ತುಂಡಾಗಲಿಲ್ಲ. ಮುಗಿಸಿ ಕುಳಿತವರು ಏಳಲಿಲ್ಲ. ಎತ್ತಿಕೊಂಡೇ ಮನೆಗೆ ಒಯ್ದೆವು. ಎಂಟನೆಯ ದಿನ ಹೋಗಿಬಿಟ್ಟರು. ಊರಿನವರೆಲ್ಲರ ದನಿ ಮಾಡುವ ನಾನು, ಆ ಸುಂಯ್ ಮಾತ್ರ ಆಮೇಲೆ ಯಾರೆದುರೂ ಮಾಡಲಿಲ್ಲ.

ತಿಂಗಳು ಕಳೆದ ಮೇಲೆ ಅವರ ಮನೆಯಾಕೆಯ ಮುಂದೆ ಹೋಗಿ ಕುಳಿತೆ. ಹೊಟ್ಟಿನ ಕಥೆಯನ್ನೆಲ್ಲ ಹೇಳಿ, "ಮಾಸ್ತರನ್ನ ನಾನ ಕೊಂದೆನವ್ವಾ" ಎಂದು ಅತ್ತೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವರು ಕುಣೀಬಾರ್ದಂತ ನಾಕು ವರ್ಷ ಅವರ ಗೆಜ್ಜಿ ಪೆಟ್ಟಿಗ್ಯಾಗಿಟ್ಟು ಕೀಲಿ ಹಾಕಿ ಕಾದಾಕಿ ನಾನು. ಅವತ್ತೊಂದಿನ ಕೊಟ್ಟೂರಿಗೆ ತಂಗಿ ಮನಿಗೆ ಹೋಗಿದ್ದೆ. ಎಲ್ಲಾ ಪಾರ್ಟೂ ನಿನಗ ಬೇಕೇನಲೇ?"