ದಾರದ ನಾಲ್ಕನೆಯ ತುದಿ

ಹೊಸ ಕಬ್ಬಿಣದ ಪ್ಲೇಟನ್ನು ಸೀಮೆಎಣ್ಣೆ ಹಚ್ಚಿ ಒರೆಸುವಾಗ ಬರುವ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಅದು ಬಂಗಡೆ ಹುರಿಯುವ ವಾಸನೆಯಷ್ಟೇ ಇಷ್ಟ. ಕಳೆದ ಭಾನುವಾರ ಮಂಕಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಹೊಸ ವೆಲ್ಡಿಂಗ್ ಟೇಬಲ್ ಮಾಡುತ್ತಿದ್ದೆ. ಹಳೆಯದನ್ನು ಉಪ್ಪುಗಾಳಿ ತಿಂದಿದೆ. ದಾರ ಹಿಡಿಯಲು ತದಡಿಯಿಂದ ಅಣ್ಣ ಬಂದಿದ್ದ.

ದಾರದ ವಿಷಯ ನಿಮಗೆ ಹೇಳಬೇಕು. ಟೇಬಲ್ ಮಟ್ಟವಾಗಿದೆಯೇ ಎಂದು ನೋಡಲು ನಾವು ನಾಲ್ಕೂ ಮೂಲೆಗೆ ಒಂದೇ ಎತ್ತರದ ನಟ್ಟು ಇಟ್ಟು, ಅವುಗಳ ಮೇಲೆ ಬಲೆಯ ದಾರವನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎಳೆಯುತ್ತೇವೆ. ನಡುವೆ ಎರಡು ದಾರ ಒಂದನ್ನೊಂದು ಮುಟ್ಟಿದರೆ ಸರಿ. ಬೆಳಕು ಕಂಡರೆ ಪ್ಲೇಟು ತಿರುಚಿದೆ ಎಂದರ್ಥ. ದೊಡ್ಡ ವರ್ಕ್‌ಶಾಪುಗಳಲ್ಲಿ ಇದಕ್ಕೆ ಯಂತ್ರ ಇರಬಹುದು. ನಮಗೆ ದಾರ ಸಾಕು, ಹಿಡಿಯುವವರು ಸರಿ ಇದ್ದರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ವೆಲ್ಡಿಂಗ್ ಕಲಿಸಿದ್ದು ಅಣ್ಣ. ಹಳೆಯ ಟೇಬಲ್ ಮಾಡುವ ದಿನ ಹೊನ್ನಾವರಕ್ಕೆ ಹೊರಟವನು ಹೇಳಿದ್ದ: "ಈ ಮೂಲೆಗೊಂದು ಬೆಸುಗೆ ಚುಕ್ಕಿ, ಆ ಮೂಲೆಗೊಂದು ಚುಕ್ಕಿ. ತಣಿಯೂಕೆ ಬಿಡು. ಒಂದೇ ಸಮ ಎಳೀಬೇಡ, ಪ್ಲೇಟು ತಿರುಚ್ತದೆ."

"ಆತು" ಎಂದೆ. ನಮ್ಮಲ್ಲಿ ಆತು ಎಂದರೆ ಕೇಳಿಸಿತು ಎಂದಷ್ಟೇ.

ಅವನು ಹೋದ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಬೆಸುಗೆ ಎಳೆದೆ. ಮೀನಿನ ಹುರುಪೆ ಜೋಡಿಸಿಟ್ಟ ಹಾಗೆ ಬಂತು. ಅಂಥ ಚಂದದ ಬೆಸುಗೆ ಆಮೇಲೆ ನನ್ನ ಕೈಯಲ್ಲಿ ಬಂದಿಲ್ಲ. ಪ್ಲೇಟಿನ ಒಂದು ಮೂಲೆ ಮಾತ್ರ ತಗ್ಗಿತ್ತು.

ಅಣ್ಣ ಬಂದ. ದಾರದ ಮೂರು ತುದಿಗೆ ಕಲ್ಲು ಹೇರಿ, ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟು, ನಡುವೆ ಬಗ್ಗಿದ. ಕೊಟ್ಟದ್ದು ತಗ್ಗಿದ ಮೂಲೆಯದೇ. ನಾನು ಬೆರಳನ್ನು ಚೂರು ಎತ್ತಿದೆ.

"ಮುಟ್ತು ಮಾರಾಯ್ತಿ! ಚಲೋ ಮಾಡಿದ್ಯೆ."

ಆ ಟೇಬಲ್ ಮೇಲೆ ಅಣ್ಣ ಮಾಡಿದ ಗೇಟು, ಕಿಟಕಿ ಎಲ್ಲ ತಿರುಚಿಕೊಂಡೇ ಎದ್ದವು. ಟೇಬಲ್ ಮೇಲೆ ಅವನಿಗೆ ಅನುಮಾನ ಬರಲಿಲ್ಲ. ತಂಗಿ ಮಾಡಿದ್ದು, ತಾನೇ ನೋಡಿದ್ದು. ಅನುಮಾನ ಬಂದದ್ದು ಕಣ್ಣಿನ ಮೇಲೆ. ಕುಮಟೆಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದ. ಗೇಟು ಕನ್ನಡಕದಲ್ಲೂ ತಿರುಚಿತು.

"ಕಣ್ಣು ಹೋದವ ಬೆಸುಗೆ ಹಿಡೀಬಾರ್ದು. ಇನ್ನು ನೀನೇ ಮಾಡು" ಎಂದು ತದಡಿ ಬಂದರಿಗೆ ಐಸ್ ಒಡೆಯುವ ಕೆಲಸಕ್ಕೆ ಹೋದ.

ನಾನು ಮಾಡಿದ್ದು ಯಾವುದೂ ತಿರುಚಲಿಲ್ಲ. ತಗ್ಗಿದ ಮೂಲೆಗೆ ಪ್ರತಿ ಸಲ ತಗಡಿನ ಚೂರು ಇಟ್ಟು ಮಟ್ಟ ಮಾಡಿಕೊಳ್ಳುತ್ತಿದ್ದೆನಲ್ಲ. ಅಣ್ಣ ಬಂದರಿನ ತುಂಬ ಹೇಳಿಕೊಂಡು ತಿರುಗಿದ: "ನಮ್ಮ ತಂಗಿ ಕಣ್ಣು ಅಂದ್ರೆ ಕಣ್ಣು." ಜನ ಅದನ್ನು ನನಗೇ ತಂದು ಹೇಳುತ್ತಿದ್ದರು. ನಾನು ಅವರಿಗೆ ಚಹಾ ಕೊಡುತ್ತಿದ್ದೆ.

ಭಾನುವಾರ ಹೊಸ ಟೇಬಲ್ಲಿನ ಮೇಲೆ ಅಣ್ಣ ದಾರದ ತುದಿಯನ್ನು ತಾನೇ ಹಿಡಿದ.

"ನಡುವೆ ನೀ ನೋಡು. ನಂಗೆಂತ ಕಾಣ್ತದೆ, ಮಣ್ಣು!"

ನಾನು ಬಗ್ಗಲಿಲ್ಲ. "ಅಣ್ಣ, ನಿನ್ನ ಕಣ್ಣು ಸರಿಯೇ ಇತ್ತು. ಆವತ್ತು ನಾ ಬೆರಳು ಎತ್ತಿದ್ದೆ."

"ಎಂತ?"

ಎಲ್ಲ ಹೇಳಿದೆ. ತಗಡಿನ ಚೂರನ್ನೂ ತೋರಿಸಿದೆ. ಅವನು ಬೈದಿದ್ದರೆ ಸುಲಭವಾಗುತ್ತಿತ್ತು. ನಟ್ಟು, ದಾರ ಎತ್ತಿಕೊಂಡು ಹಳೆಯ ಟೇಬಲ್ಲಿಗೆ ಹೋಗಿ, ನಾಲ್ಕೂ ತುದಿಗೆ ಕಲ್ಲು ಹೇರಿ, ನಡುವಿನ ಬೆಳಕನ್ನು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ನೋಡಿದ. ಹಾಕಿ ನೋಡಿದ.

"ಕುಮಟೆ ಡಾಕ್ಟ್ರು ಪಾಪ, ಕಣ್ಣಿಗೆ ಎಂತದೂ ಆಗ್ಲಿಲ್ಲ ಅಂತ್ಲೇ ಹೇಳಿದ್ರು" ಎಂದ. "ಕನ್ನಡಕ ಕೊಡಿ ಅಂತ ನಾನೇ ಬಿಡ್ಲಿಲ್ಲ."

ಕನ್ನಡಕವನ್ನು ಜೇಬಿಗೆ ಹಾಕಿ ಹೊಸ ಟೇಬಲ್ಲಿಗೆ ಬಂದ. ಮತ್ತೆ ದಾರ ಎಳೆದೆವು. ನಾನು ವಾಡಿಕೆಯಂತೆ ನಾಲ್ಕನೆಯ ತುದಿ ಹಿಡಿದೆ. ಅವನು ನಡುವೆ ಬಗ್ಗಿದ. ತಲೆ ಎತ್ತಲಿಲ್ಲ.

"ಕೈ ತೆಗಿ" ಎಂದ. "ಅಲ್ಲೊಂದು ಕಲ್ಲು ಇಡು."

ಇಟ್ಟೆ. ಆಮೇಲೆ ಅವನು ನೋಡುವುದನ್ನು ನೋಡುತ್ತ ನಿಲ್ಲುವುದು ಬಿಟ್ಟರೆ ನನಗೆ ಬೇರೆ ಕೆಲಸ ಇರಲಿಲ್ಲ.